ಅಂದಲ್ಲೇ ಒಪ್ಪಿಸಿದ ತಪ್ಪು

ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ದೀಪಶ್ರೀ ಹುಳುಮನೆಯ ಜಗಲಿಗೆ ಇಳಿಸುತ್ತಿದ್ದಾಗ ಬೇಲಿಯಾಚೆ ಸ್ಕೂಟರು ನಿಂತ ಸದ್ದಾಯಿತು. ಇಳಿದವಳು ಠಾಣೆಯ ಕಾನ್‌ಸ್ಟೇಬಲ್ ರಾಣಿ. ಬಿಸಿಲು ಆಗಲೇ ಚುರುಗುಟ್ಟುತ್ತಿದ್ದರೂ ಖಾಕಿ ಅಂಗಿಯ ಮೇಲೆ ಹಸಿರು ಸ್ವೆಟರು ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದಳು. ಈ ಮನೆಗೆ ಬರುವಾಗೆಲ್ಲ ಅವಳು ಬರುವುದು ಹೀಗೆಯೇ. ಪೊಲೀಸು ಯಾರ ಮನೆಗೆ ಬಂತು ಎಂದು ಮಧುವನಹಳ್ಳಿಯ ಬೀದಿ ಕತ್ತು ಚಾಚದಿರಲಿ ಎಂದೇ ಆ ಸ್ವೆಟರು.

"ಮೊದ್ಲು ಒಂದ್ ಲೋಟ ನೀರು ಕೊಡಕ್ಕ," ಅಂದಳು. ಕುಡಿದು ಬಾಯಿ ಒರೆಸಿಕೊಂಡ ಮೇಲೆಯೇ ಚೀಲದಿಂದ ಕಾಗದ ತೆಗೆದಳು. "ಕೋರ್ಟ್ ನೋಟೀಸು. ಗುರ್ವಾರ ಹಾಜರಾಗ್ಬೇಕು. ನಿನ್ನ ಬೇಲ್ ರದ್ದು ಮಾಡಿ ಅಂತ ಅರ್ಜಿ ಆಕವ್ರೆ."

"ಯಾಕೆ? ನಾನೇನು ಮಾಡಿದೆ?"

"ಭಾನ್ವಾರ ಬೆಳಿಗ್ಗೆ ರೇಷ್ಮೆ ಬೆಳೆಗಾರರ ಗ್ರೂಪಿಗೆ ನಿನ್ನ ನಂಬರಿಂದ ಮೆಸೇಜ್ ಹೋಗದೆ. ಕೆಂಪನಂಜಪ್ಪನ ಅಳಿಯ ಅದರ ಫೋಟೋ ತಕಂಡು ಬಂದು ಸ್ಟೇಷನ್‌ಗೆ ಕೊಟ್ಟ. ಫೋನ್ ಮುಟ್ಟಂಗಿಲ್ಲ, ಕೆಂಪನಂಜಪ್ಪನ್ನ ಮಾತಾಡ್ಸಂಗಿಲ್ಲ ಅಂತ ಜಡ್ಜು ಹೇಳಿದ್ರು ತಾನೇ? ಎರಡೂ ಮುರಿದಂಗಾಯ್ತು ಅಂತ ಬರೆದವ್ರೆ." ರಾಣಿ ದನಿ ತಗ್ಗಿಸಿದಳು. "ಯಾಕಕ್ಕ ಹಿಂಗ್ ಮಾಡ್ದೆ? ಚೆನ್ನಾಗಿದ್ದಲ್ಲ?"

ದೀಪಶ್ರೀಗೆ ಜಗಲಿಯ ಕಂಬ ಹಿಡಿದುಕೊಳ್ಳಬೇಕಾಯಿತು. ಭಾನುವಾರ ಬೆಳಿಗ್ಗೆ. ಎದ್ದದ್ದು ನೆನಪಿತ್ತು. ಮಾತ್ರೆ ನುಂಗಿದ್ದು, ಸೊಪ್ಪು ಕೊಯ್ಯಲು ಹೋದದ್ದು, ಬರುವಾಗ ಕಾಲಿಗೆ ಮುಳ್ಳು ಚುಚ್ಚಿದ್ದು ನೆನಪಿತ್ತು. ಫೋನು ನೆನಪಿರಲಿಲ್ಲ. ಬಾವಿಗೆ ಬಗ್ಗಿ ನೋಡುವವಳ ಹಾಗೆ ತನ್ನೊಳಗೇ ಬಗ್ಗಿ ಹುಡುಕಿದಳು. ಕಳೆದ ಸಲವೂ ಹೀಗೇ ಆಗಿತ್ತು. ಠಾಣೆಯಲ್ಲಿ ಒಂದೊಂದೇ ತೋರಿಸುತ್ತ ಹೋದಾಗ, ತಾನೇ ಬರೆದದ್ದನ್ನು ಬೇರೆ ಯಾರೋ ಬರೆದದ್ದರಂತೆ ಓದಿದ್ದಳು. ಜೈಲಿಗಿಂತ ದೊಡ್ಡ ಭಯ ಇದು. ಈಗ ಸರಿಯಿದ್ದೇನೆ ಅಂದುಕೊಂಡ ಈ ತಿಂಗಳುಗಳಲ್ಲೂ ತಾನು ಸರಿಯಿಲ್ಲದೆ ಹೋದರೆ, ಇನ್ನು ತನ್ನ ಯಾವ ದಿನವನ್ನು ನಂಬುವುದು?

"ಅದ್ಯಾಕವ್ವ ಅಂಗ ಮೊಕ ಮಾಡ್ಕಂಡಿದ್ದಯ್?" ಅತ್ತೆ ಪುಟ್ಟಮಲ್ಲಮ್ಮ ಹುಳುಮನೆಯ ಬಾಗಿಲಿನಿಂದ ಕೇಳಿದರು. ಕೈಯಲ್ಲಿ ಸೊಪ್ಪು ಹೆಚ್ಚುವ ಕತ್ತಿ. "ಏನಂತೆ ರಾಣಮ್ಮ?"

ರಾಣಿ ಮತ್ತೊಮ್ಮೆ ಹೇಳಿದಳು.

"ಅದಾ? ಅದ ಆಕ್ದೋಳು ನಾನೇಯ ಕಣವ್ವ," ಅಂದರು ಪುಟ್ಟಮಲ್ಲಮ್ಮ. "ತಪ್ಪು ಒಪ್ಪುಸ್ದಿ. ಅದ್ಕೂ ಕೇಸಾ?"

ರಾಣಿ ಹಣೆ ಚಚ್ಚಿಕೊಂಡಳು. ದೀಪಶ್ರೀ ಮಾತ್ರ ಕಂಬದ ಬುಡದಲ್ಲೇ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಳುವಿನ ನಡುವೆ ನಗುವೂ ಬಂತು. ತಾನು ಮಾಡಿರಲಿಲ್ಲ. ತಾನು ಮಾಡಿರಲಿಲ್ಲ! ಬೇಲ್ ಹೋದರೆ ಹೋಗಲಿ ಎನ್ನಿಸಿತು ಒಂದು ಗಳಿಗೆ.

ಒಂದು ಗಳಿಗೆ ಮಾತ್ರ. ಜೈಲು ಎಂದರೇನೆಂದು ಅವಳಿಗೆ ಗೊತ್ತಿತ್ತು. ಹಿಡಿದುಕೊಂಡು ಹೋದ ಆ ಸಲ ಕಳೆದದ್ದು ಕೆಲವೇ ದಿನ, ಆದರೆ ಹೊತ್ತಿಗೆ ಸರಿಯಾಗಿ ಮಾತ್ರೆಯಿಲ್ಲದೆ, ದೀಪವೇ ಆರದ ಕೋಣೆಯಲ್ಲಿ ರೆಪ್ಪೆ ಮುಚ್ಚದೆ ಕಳೆದದ್ದು. ಆಮೇಲೆ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳಲು ಹಿಡಿದದ್ದು ಅದರ ಎಷ್ಟೋ ಪಟ್ಟು ದಿನ. ಇನ್ನೊಮ್ಮೆ ಅಲ್ಲಿಗೆ ಹೋದರೆ ಹಿಂದಕ್ಕೆ ಬರುವವಳು ಇದೇ ದೀಪಶ್ರೀ ಆಗಿರುವುದಿಲ್ಲ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

ಕಾಯಿಲೆ ಹೊಸದಲ್ಲ. ಕೊಳ್ಳೇಗಾಲದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುವಾಗಲೇ ಕಾಣಿಸಿಕೊಂಡಿತ್ತು. ಒಂದಷ್ಟು ದಿನ ನಿದ್ದೆಯೇ ಬೇಡದ ಉತ್ಸಾಹ, ಆಮೇಲೆ ತಿಂಗಳುಗಟ್ಟಲೆ ಏಳಲಾಗದ ಕತ್ತಲೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿ ಮಾತ್ರೆ ಕೊಟ್ಟರು. ಮದುವೆಯ ಮಾತು ಬಂದಾಗ ಯಳಂದೂರಿನ ಅವಳಪ್ಪ ಮುಚ್ಚಿಡಲಿಲ್ಲ. ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ಕೂತಾಗ ಪುಟ್ಟಮಲ್ಲಮ್ಮ ಕೇಳಿದ್ದು ಇಷ್ಟೇ: "ಮಾತ್ರೆ ತಕಂಡ್ರೆ ಸಂದಾಗಿದ್ದಳಾ? ನಂಗೂ ಬಿ.ಪಿ. ಮಾತ್ರೆ ಅದೆ. ಇಬ್ರುದೂ ಒಂದೇ ಡಬ್ಬಿಲಿ ಮಡಿಕಳವು ಬುಡಿ." ಹಾಗೆಯೇ ನಡೆಯಿತು. ವರ್ಷಗಳ ಕಾಲ ಅತ್ತೆ ಸೊಸೆ ಇಬ್ಬರೂ ಊಟದ ಮೇಲೆ ಒಂದೇ ಡಬ್ಬಿ ತೆರೆದು ತಮ್ಮ ತಮ್ಮ ಮಾತ್ರೆ ನುಂಗಿದರು. ಯಾರಿಗೂ ಏನೂ ಆಗಲಿಲ್ಲ.

ಆದದ್ದು ಹೋದ ಮಳೆಗಾಲದಲ್ಲಿ. ರೇಷ್ಮೆಹುಳು ಕೊನೆಯ ಹಂತಕ್ಕೆ ಬಂದು ದೊಡ್ಡದಾದಾಗ ಸೊಪ್ಪು ಸಾಕೆನ್ನುವುದೇ ಇಲ್ಲ. ಹೊತ್ತು ನೋಡದೆ ಹಾಕುತ್ತಲೇ ಇರಬೇಕು. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ಹಳದಿ ತಿರುಗಿ ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡಬೇಕು. ಆ ದಿನಗಳಲ್ಲಿ ಆ ಸೀಮೆಯ ಯಾವ ಮನೆಯಲ್ಲೂ ಯಾರೂ ನೆಟ್ಟಗೆ ಮಲಗುವುದಿಲ್ಲ. ಕಾಫಿ ಕುಡಿದು, ಮುಖಕ್ಕೆ ತಣ್ಣೀರು ಎರಚಿಕೊಂಡು ಎದ್ದೇ ಇರುತ್ತಾರೆ. ಹುಳುವಿನ ಮನೆಯಲ್ಲಿ ನಿದ್ದೆ ಮಾಡಿದವನ ಬೆಳೆಗೂ ನಿದ್ದೆ ಎನ್ನುತ್ತಾರೆ. ದೀಪಶ್ರೀಯ ಗಂಡ ಬಸವೇಶ ಆ ಸಲ ಕೀಲುಜ್ವರ ಬಂದು ಮಲಗಿದ್ದ. ಹೆಂಗಸರಿಬ್ಬರೇ. ಅವಳ ಮಾತ್ರೆ ನುಂಗಿದರೆ ಕಣ್ಣು ತೂಗುತ್ತದೆ. "ಉಳ ಅಣ್ಣಾಗಗಂಟ ಅದೊಂದ ಬುಟ್ಟಿರವ್ವ, ಆಮ್ಯಾಕೆ ತಕಂಡ್ರಾಯ್ತು," ಎಂದರು ಪುಟ್ಟಮಲ್ಲಮ್ಮ. ದೀಪಶ್ರೀಗೂ ಸರಿಯೆನ್ನಿಸಿತು. ಊರೆಲ್ಲ ಮಾಡುವುದೇ ತಾನೆ.

ಮೊದಮೊದಲು ಹಿತವಾಗಿಯೇ ಇತ್ತು. ದಣಿವಿಲ್ಲ, ಹಸಿವಿಲ್ಲ. ಹುಳುಗಳು ಸೊಪ್ಪು ತಿನ್ನುವ ಸದ್ದಿನಲ್ಲಿ ಅವಳಿಗೆ ಲೆಕ್ಕಗಳು, ಅರ್ಥಗಳು ಕೇಳಿಸತೊಡಗಿದವು. ಅಷ್ಟರಲ್ಲಿ ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ಹುಳುಗಳು ಊದಿ, ಒಡೆದು, ಹಾಲಿನಂಥ ನೀರು ಸುರಿಸಿ ಸತ್ತವು. ಮಳೆಯ ಶೀತಕ್ಕೆ, ಒದ್ದೆ ಸೊಪ್ಪಿಗೆ ಬರುವ ರೋಗ. ಅದು ಅವಳಿಗೂ ಗೊತ್ತಿದ್ದ ವಿಷಯ. ಆದರೆ ಆ ಹೊತ್ತಿನ ದೀಪಶ್ರೀಗೆ ಗೊತ್ತಾದದ್ದೇ ಬೇರೆ. ಚಾಕಿ ಮನೆ ನಡೆಸುವ ಕೆಂಪನಂಜಪ್ಪ, ಅಂದರೆ ಮೊಟ್ಟೆ ಒಡೆಸಿ ಮರಿಹುಳುಗಳನ್ನು ಮೊದಲ ದಿನಗಳು ಸಾಕಿ ರೈತರಿಗೆ ಕೊಡುವವನು, ಬೇಕೆಂದೇ ಹುಳುವಿಗೆ ವಿಷ ತಾಗಿಸುತ್ತಾನೆ. ಇಡೀ ತಾಲ್ಲೂಕಿನ ರೇಷ್ಮೆ ನಾಶಮಾಡುವ ಸಂಚು. ಅದನ್ನು ಲೋಕಕ್ಕೆ ಹೇಳಬೇಕಾದವಳು ತಾನೊಬ್ಬಳೇ.

ಹೇಳಿದಳು. ಫೇಸ್‌ಬುಕ್ಕಿನಲ್ಲಿ, ಬೆಳೆಗಾರರ ಗ್ರೂಪಿನಲ್ಲಿ, ಒಂದರ ಮೇಲೊಂದು. ಕೊನೆಗೆ ಅವನ ಗೇಟಿನ ಮುಂದೆ ನಿಂತು, ಈ ಮನೆಗೆ ಬೆಂಕಿ ಇಡುತ್ತೇನೆ ಎಂದು ಕೂಗುವ ವಿಡಿಯೋ. ಅದು ಹನೂರು ದಾಟಿ ಕೌದಳ್ಳಿಯವರೆಗೂ ಹೋಯಿತು. ಜನ ಹೆದರಿದರು. ಆ ವಾರ ಕೆಂಪನಂಜಪ್ಪನ ಚಾಕಿ ಕೊಳ್ಳಲು ಒಬ್ಬರೂ ಬರಲಿಲ್ಲ. ತಟ್ಟೆ ತಟ್ಟೆ ಮರಿಹುಳು. ಕಾಯುವ ಪ್ರಾಣಿಗಳಲ್ಲ ಅವು. ಅಷ್ಟೂ ಹುಳು ದೊಡ್ಡದಾಗುವವರೆಗೆ ಹಾಕುವಷ್ಟು ಸೊಪ್ಪು ಅವನ ತೋಟದಲ್ಲಿ ಎಲ್ಲಿತ್ತು? ಹಿತ್ತಲಿನಲ್ಲಿ ಗುಂಡಿ ತೆಗೆಸಿ ಜೀವವಿದ್ದ ಹಾಗೆಯೇ ಸುರಿದನಂತೆ. ಆಮೇಲೆ ಠಾಣೆಗೆ ಹೋದ.

ಈ ಕೊನೆಯ ವಿಷಯ ದೀಪಶ್ರೀಗೆ ತಿಳಿದದ್ದು ತಿಳಿವಳಿಕೆ ಮರಳಿದ ಮೇಲೆ. ಅವತ್ತಿನಿಂದ ಅವಳಿಗೆ ಇದ್ದದ್ದು ಒಂದೇ ಆಸೆ. ಹೋಗಿ ಅವನೆದುರು ನಿಂತು ತಪ್ಪಾಯಿತು ಅನ್ನಬೇಕು. ಅದೊಂದನ್ನೇ ಕೋರ್ಟು ಬೇಡವೆಂದಿತ್ತು.

* * *

"ನಿಮಗೆ ಯಾರಮ್ಮ ಹೇಳಿದ್ದು ಇದನ್ನ ಮಾಡಿ ಅಂತ?" ವಕೀಲೆ ಕುಸುಮ ಕೇಳಿದಳು. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ ಅವಳದು. ಕಿವಿಗೆ ಇಯರ್‌ಫೋನು ಹಾಕಿಕೊಂಡು ಪುಟ್ಟಮಲ್ಲಮ್ಮನ ಮೆಸೇಜನ್ನು ಆಗಷ್ಟೇ ಕೇಳಿ ಮುಗಿಸಿದ್ದಳು. ಸಿಟ್ಟು ಬಂದಿತ್ತು, ಆದರೆ ತುಟಿಯ ಕೊನೆ ಎಲ್ಲೋ ಎಳೆಯುತ್ತಿತ್ತು.

"ಯಾರ ಯಾಕ ಯೋಳಬೇಕು? ನಮ್ಮೂರ್ಲಿ ನಡ್ಕಂಡು ಬಂದಿರದು," ಅಂದರು ಪುಟ್ಟಮಲ್ಲಮ್ಮ. "ಒಬ್ರ ಮ್ಯಾಲೆ ಇಲ್ದುದ್ದ ಆಡಿದ್ರ, ಎಲ್ಲಿ ಆಡುದ್ರೋ ಅಲ್ಲೇ ನಿಂತ್ಕಂಡು ಸೆರಗೊಡ್ಡಿ ಒಪ್ಪುಸ್ಬೇಕು. ಅವ್ರು ಆ ತಪ್ಪ ಇಸ್ಕಂಡ್ರ ಅಲ್ಲಿಗಾಯ್ತು. ಮಾರಿಗುಡಿ ಜಗುಲಿ ಮ್ಯಾಲೆ ಆಡುದ್ರ ಜಗುಲಿ ಮ್ಯಾಲೆ. ಬಾವಿಕಟ್ಟೆ ಮ್ಯಾಲೆ ಆಡುದ್ರ ಬಾವಿಕಟ್ಟೆ ಮ್ಯಾಲೆ. ಇವ್ಳು ಫೋನಲ್ಲಿ ಆಡುದ್ಳು. ಚಿಕ್ಕೋರ ಕೈಲಿ ಆಗ್ದಿದ್ರ ಮನೆ ಇರೀಕರು ಒಪ್ಪುಸ್ಬೋದು. ಅದ್ಕೇ ನಾ ಒಪ್ಪುಸ್ದಿ."

ಸಮಸ್ಯೆ ಫೋನಿನದು. ದೀಪಶ್ರೀಯ ಫೋನನ್ನು ಪೊಲೀಸರು ಇಟ್ಟುಕೊಂಡಿದ್ದರು. ಬ್ಯಾಂಕು, ರೇಷನ್ನು ಎಲ್ಲದರ ಸಂದೇಶವೂ ಆ ನಂಬರಿಗೇ ಬರುವುದರಿಂದ ಬಸವೇಶ ಅದೇ ನಂಬರಿನ ಸಿಮ್ ಮತ್ತೆ ಮಾಡಿಸಿ ತನ್ನ ಹಳೆಯ ಫೋನಿಗೆ ಹಾಕಿದ್ದ. ಅದು ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ಪುಟ್ಟಮಲ್ಲಮ್ಮನಿಗೆ ಓದು ಬರಹ ಬಾರದಿದ್ದರೂ ಕೌದಳ್ಳಿಯ ತಂಗಿಗೆ ದಿನವೂ ದನಿ ಕಳಿಸಿ ರೂಢಿ. ಮೈಕಿನ ಗುರುತು ಒತ್ತಿ ಹಿಡಿದರೆ ಆಯಿತು.

"ಬಸವೇಶ ಅವರೇ, ನಿಮಗಾದ್ರೂ ಬುದ್ಧಿ ಬೇಡವಾ?" ಕುಸುಮ ಅವನತ್ತ ತಿರುಗಿದಳು.

"ನಾ ಉಳುಮನೇಲಿದ್ದಿ ಮೇಡಂ. ನಮ್ಮವ್ವ ಕಾಫಿ ಕಾಯ್ಸಕೋದ್ಲು ಅನ್ಕಂಡಿದ್ದಿ, ಕೋರ್ಟ್ ಕಾಯ್ದೆ ಮುರಿಯಕೋಗವ್ಳೆ!"

"ಮುಚ್ಲಾ ಬಾಯ," ಅಂದರು ತಾಯಿ.

ಕುಸುಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ದೀಪಶ್ರೀಯ ಎದುರಿಗೆ ಕುರ್ಚಿ ಎಳೆದುಕೊಂಡು, ಬೇರೆ ದನಿಯಲ್ಲಿ ಹೇಳಿದಳು. "ಸುಲಭದ ದಾರಿ ಒಂದಿದೆ. ಡಾಕ್ಟರ ಪತ್ರ ಇದೆ. ಮತ್ತೆ ಕಾಯಿಲೆ ಏರಿತ್ತು, ತಿಳಿಯದೆ ಕಳಿಸಿಬಿಟ್ಟಳು ಅಂದರೆ ಮ್ಯಾಜಿಸ್ಟ್ರೇಟರು ಕರುಣೆ ತೋರಿಸ್ತಾರೆ. ನಿಮ್ಮ ಅತ್ತೆಯ ಹೆಸರು ಎಲ್ಲೂ ಬರೋದಿಲ್ಲ. ಅವರ ಹೆಸರು ಹೇಳಿದರೆ, ಮನೆಯವರ ಮೂಲಕ ದೂರುದಾರನ ಮೇಲೆ ಒತ್ತಡ ತರ್ತಿದ್ದಾರೆ ಅಂತ ಆ ಕಡೆಯವರು ವಾದಿಸಬಹುದು. ನೋಡಿ. ನಿಮ್ಮಿಷ್ಟ."

ದೀಪಶ್ರೀ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡಳು. ಮಾತ್ರೆಯಿಂದಾಗಿ ಅವು ಸದಾ ಸಣ್ಣಗೆ ನಡುಗುತ್ತವೆ. ಬಾಯಿ ಒಣಗುತ್ತದೆ. ಅವಳು ಕಾಯಿಲೆಯನ್ನು ಮುಚ್ಚಿಡುವವಳಲ್ಲ. ಮಳೆಗಾಲದ ಮಾತುಗಳಿಗೆ ಅದು ಕಾರಣವೆಂದು ಕೋರ್ಟಿಗೆ ಹೇಳಲು ಅವಳಿಗೆ ನಾಚಿಕೆ ಇರಲಿಲ್ಲ. ಆದರೆ ಇದು?

"ಭಾನುವಾರ ನಾನು ಚೆನ್ನಾಗಿದ್ದೆ ಮೇಡಂ," ಅಂದಳು. "ರಾತ್ರಿ ನಿದ್ದೆ ಮಾಡಿದ್ದೆ. ಮಾತ್ರೆ ತಗೊಂಡಿದ್ದೆ. ಚೆನ್ನಾಗಿದ್ದ ದಿನವನ್ನೂ ಕಾಯಿಲೆ ದಿನ ಅಂತ ನಾನೇ ಬರೆದುಕೊಟ್ಟರೆ, ಇನ್ನು ಯಾವ ದಿನ ನನ್ನದು? ನಾಳೆ ನಾನು ಏನೇ ಅಂದರೂ, ಸಾರಿಗೆ ಉಪ್ಪು ಕಮ್ಮಿ ಅಂದರೂ, ಏರಿದೆ ಅಂತಾರೆ."

ಕುಸುಮ ಪೆನ್ನು ತೆಗೆದುಕೊಂಡು, "ಹಾಗಾದರೆ ಇದ್ದದ್ದನ್ನ ಇದ್ದ ಹಾಗೇ ಹೇಳೋಣ," ಅಂದಳು. "ಪುಟ್ಟಮಲ್ಲಮ್ಮನವರೇ, ನಿಮ್ಮನ್ನೂ ಬೈತಾರೆ, ತಯಾರಾಗಿರಿ."

"ಬಯ್ಯಲಿ. ಬೇಕಾರ ಇವಳ ಬದ್ಲಿಗ ನನ್ನೇ ಒಳಕ್ಕ ಆಕ್ಲಿ. ಅಲ್ಲೂ ಮುದ್ದೆ ಇಕ್ತಾರಂತಲ್ಲ."

ಮೆಟ್ಟಿಲಿಳಿಯುವಾಗ ಕುಸುಮ ಹಿಂದಿನಿಂದ ಕೂಗಿ ಕೇಳಿದಳು, "ದೀಪಶ್ರೀ, ನಿಮ್ಮ ಅತ್ತೆ ಏನು ಮಾತಾಡಿದ್ದಾರೆ ಅಂತ ನೀವು ಕೇಳಿದ್ದೀರಾ?"

ಅವಳು ತಲೆಯಲ್ಲಾಡಿಸಿದಳು. ಫೋನನ್ನು ಕೈಯಲ್ಲಿ ಹಿಡಿಯಲೂ ಅವಳಿಗೆ ಧೈರ್ಯವಿರಲಿಲ್ಲ.

* * *

ಗುರುವಾರ ಕೋರ್ಟಿನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪಶ್ರೀ ಬಾಟಲಿಯ ನೀರನ್ನು ಆಗಲೇ ಮುಗಿಸಿದ್ದಳು. ಹೆಸರು ಕೂಗುವ ಜವಾನ, ಬಿಳಿ ಸಮವಸ್ತ್ರದ ವಯಸ್ಸಾದ ಮನುಷ್ಯ, ಎರಡು ಸಲ ಅವಳ ಬೆರಳುಗಳನ್ನೇ ನೋಡಿಕೊಂಡು ಹೋದ. ಮೂರನೆಯ ಸಲ ಬಂದಾಗ ಖಾಲಿ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ತುಂಬಿ ತಂದುಕೊಟ್ಟ. "ನಮ್ಮ ಮನೇಲೂ ಒಬ್ಳು ಅವ್ಳೆ, ಇದೇ ಮಾತ್ರೆ," ಅಂದ. ಮುಂದಿನ ಹೆಸರು ಕೂಗಲು ಹೋದ.

ಕೆಂಪನಂಜಪ್ಪ ವರಾಂಡದ ಇನ್ನೊಂದು ತುದಿಯಲ್ಲಿ ಅಳಿಯನೊಂದಿಗೆ ನಿಂತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಕೆಂಪಂಚಿನ ಟವಲ್ಲು. ಮಳೆಗಾಲದಿಂದ ಈಚೆಗೆ ಬಡವಾಗಿದ್ದ. ದೀಪಶ್ರೀ ಅವನತ್ತ ನೋಡಲಿಲ್ಲ. ನೋಡುವುದೂ ಮಾತನಾಡಿಸಿದಂತೆ ಆದೀತೇನೋ ಎಂಬ ಭಯ.

ಕೂಗಿದಾಗ ಒಳಗೆ ಹೋದರು. ಮ್ಯಾಜಿಸ್ಟ್ರೇಟರು ಇನ್ನೂ ಮಧ್ಯವಯಸ್ಸು ಮುಟ್ಟದ, ಕನ್ನಡಕದ ಹೆಂಗಸು. ಸರ್ಕಾರಿ ವಕೀಲರು ಎದ್ದು, ಆರೋಪಿ ಷರತ್ತು ಮುರಿದಿದ್ದಾಳೆ, ದೂರುದಾರರಿರುವ ಗ್ರೂಪಿಗೇ ಮತ್ತೆ ಸಂದೇಶ ಕಳಿಸಿದ್ದಾಳೆ, ಹಿಂದೆ ಬೆಂಕಿಯ ಬೆದರಿಕೆ ಹಾಕಿದವಳು ಎಂದರು. ಕಾಗದವೊಂದನ್ನು ಕೊಟ್ಟರು. ದನಿಸಂದೇಶದ ಗೆರೆ, ಕೆಳಗೆ ಕೈಮುಗಿದ ಒಂದು ಚಿತ್ರ, ಅಷ್ಟೇ ಇತ್ತು ಅದರಲ್ಲಿ.

"ಸಂದೇಶದಲ್ಲಿ ಏನಿದೆ?" ಮ್ಯಾಜಿಸ್ಟ್ರೇಟರು ಕೇಳಿದರು.

ಸರ್ಕಾರಿ ವಕೀಲರು ಅಳಿಯನತ್ತ ನೋಡಿದರು. ಅಳಿಯ ತಲೆ ಕೆರೆದುಕೊಂಡ. ನಂಬರು ನೋಡಿದ ತಕ್ಷಣ ಫೋಟೋ ತೆಗೆದು ಠಾಣೆಗೆ ಓಡಿದ್ದ. ಕೇಳಿರಲಿಲ್ಲ.

"ಅದು ಆರೋಪಿಯ ದನಿ ಅಲ್ಲ," ಎಂದಳು ಕುಸುಮ. "ಅವರ ಅತ್ತೆಯದು. ಇಲ್ಲೇ ಇದ್ದಾರೆ. ಕೇಳಿಸಲು ಅಪ್ಪಣೆ ಬೇಡುತ್ತೇನೆ."

ಫೋನನ್ನು ಮೇಜಿನ ಮೇಲಿಟ್ಟರು. ಮೊದಲು ಬಂದದ್ದು ಒಂದು ಕೆಮ್ಮು. ಪಾತ್ರೆಯ ಸದ್ದು. ಆಮೇಲೆ ಪುಟ್ಟಮಲ್ಲಮ್ಮನ ದನಿ, ದೂರದ ಹೊಲದವರನ್ನು ಕೂಗುವಷ್ಟು ಜೋರಾಗಿ.

"ಅಲೋ... ಇದು ಓಯ್ತಾ ಅದಾ? ಓಯ್ತಾ ಅದೆ. ನಾನು ಪುಟ್ಟಮಲ್ಲಮ್ಮ ಕಣ್ರಪ್ಪ, ಬಸವೇಶನವ್ವ. ಎಲ್ಲಾರೂ ಸಂದಾಗಿದ್ದರಿಯಾ? ಲೇ ಕೆಂಪನಂಜಪ್ಪ, ನನ್ನ ಸೊಸೆ ಈ ಜಾಗದಲ್ಲಿ ನಿನ್ನ ಮ್ಯಾಲೆ ಆಡ್ಬಾರದ್ದ ಆಡ್ಬುಟ್ಳು. ಅವಳ್ಗ ಆಗ ಸರ್ಯಾಗಿರ್ನಿಲ್ಲ. ನಿದ್ದೆ ಮಾತ್ರೆ ಬುಡವ್ವ ಅಂದೋಳು ನಾನು, ಅದ ಈಗ ಎಲ್ಲಾರ ಮುಂದೂ ಯೋಳ್ತಾ ಇವ್ನಿ. ಆದ್ರ ಸರ್ಯಾಗಿಲ್ದೆ ಇದ್ರೂ ಆಡಿದ್ದು ಆಡಿದ್ದೇಯ. ನಿನ್ನ ಎದೆಗ ನಾಟ್ತು. ಎಳೇ ಉಳ ಮಣ್ಣಿಗೆ ಸುರ್ದಂತೆ. ಅದ ಕೇಳ್ದಾಗ್ಲಿಂದ ಅವಳು ತಟ್ಟೆ ಮುಂದ ಕುಂತ್ರ ತುತ್ತು ಇಳಿಯಕಿಲ್ಲ. ಅವ್ಳೇ ಬಂದು ಒಪ್ಪುಸ್ಬೇಕಾಗಿತ್ತು. ಕೋರ್ಟ್ನೋರು ಬ್ಯಾಡ ಅಂದವ್ರೆ. ಅದ್ಕೆ ಮನೆ ಇರೀಕಳಾಗಿ ನಾ ಸೆರಗೊಡ್ಡಿವ್ನಿ. ಸೆರಗು ನಿಂಗ ಕಾಣದು, ಆದ್ರ ಒಡ್ಡಿವ್ನಿ ಕಣಪ್ಪ, ಸುಳ್ಳಲ್ಲ. ತಪ್ಪಾಯ್ತು... ಅಯ್ಯೋ ಆಲು ಉಕ್ತಾ ಅದೆ, ಮಡುಗ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ತಕ್ಷಣ ಸುಮ್ಮನಾದರು. ಜವಾನ ಗೋಡೆಯತ್ತ ತಿರುಗಿದ. ದೀಪಶ್ರೀ ನೆಲ ನೋಡುತ್ತ ನಿಂತಿದ್ದಳು. ತಾನು ಊಟ ಬಿಟ್ಟದ್ದನ್ನು ಅತ್ತೆ ನೋಡಿದ್ದರು. ಒಂದು ದಿನವೂ ಕೇಳಿರಲಿಲ್ಲ. ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ಸದ್ದಿಲ್ಲದೆ ಎತ್ತಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮಜ್ಜಿಗೆಯಲ್ಲಿ ಕಲಸಿ ತಂದುಕೊಡುತ್ತಿದ್ದರು. ಅದು ಅವರ ಅಭ್ಯಾಸವೆಂದೇ ಅವಳು ಅಂದುಕೊಂಡಿದ್ದಳು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿಕೊಂಡರು. "ಪುಟ್ಟಮಲ್ಲಮ್ಮ ಯಾರು? ಮುಂದೆ ಬನ್ನಿ. ಕೋರ್ಟು ಬೇಡ ಅಂದದ್ದು ಗೊತ್ತಿದ್ದೂ ಹೀಗೆ ಮಾಡಬಹುದಾ?"

"ಅವಳ್ಗ ಬ್ಯಾಡ ಅಂದಿದ್ರಿ ಬುದ್ದಿ. ನಂಗ ಅಂದಿರ್ನಿಲ್ಲ."

ಕುಸುಮ ಕಣ್ಣು ಮುಚ್ಚಿಕೊಂಡಳು.

"ಈಗ ಹೇಳ್ತಿದ್ದೀನಿ. ನೀವೂ ಮಾಡಬಾರದು."

"ಆಯ್ತು ಬುದ್ದಿ. ಒಪ್ಪುಸಿದ್ದಾಯ್ತಲ್ಲ. ಇನ್ಯಾಕ ಮಾಡ್ಲಿ?"

"ದೂರುದಾರರು ಇದ್ದಾರಾ? ಈ ಕೈಮುಗಿದದ್ದು ಯಾರು?"

ಕೆಂಪನಂಜಪ್ಪ ಮುಂದೆ ಬಂದ. ಟವಲ್ಲನ್ನು ಹೆಗಲಿಂದ ತೆಗೆದು ಕೈಗೆ ಹಿಡಿದುಕೊಂಡ. "ನಾನೇ ಸಾಮಿ. ದಿನಾ ಬೆಳಿಗ್ಗೆ ಗ್ರೂಪಲ್ಲಿ ಹೂವು ದೇವ್ರು ಹಾಕ್ತಾರೆ. ಯಾವ್ದು ಬಂದ್ರೂ ನಾನೊಂದು ಕೈ ಮುಗಿಯದು. ಇದ್ಕೂ ಅಂಗೇ ಮುಗ್ದುಬುಟ್ಟೆ. ಈಗ್ಲೇ ಕೇಳಿದ್ದು." ಅವನು ಮೇಜಿನ ಮೇಲಿನ ಫೋನಿನತ್ತ ಕೈ ತೋರಿಸಿದ. "ನಾ ತಪ್ಪ ಇಸ್ಕಂಡಿವ್ನಿ ಅಂತ ಅಲ್ಲ. ನಂಗಾದ್ದು ನಂಗೇ ಗೊತ್ತು. ಬೆಳಿಗ್ಗೆ ಎದ್ದು ಆ ಗುಂಡಿ ಕಡೀಕೆ ಇನ್ನೂ ನೋಡಕಾಗಕಿಲ್ಲ. ಕೇಸು ಕೇಸೇ, ಅದು ನಡೀಲಿ."



"ಮಾವ, ಅಷ್ಟೇ ಹೇಳಿ," ಅಂದ ಅಳಿಯ ಹಿಂದಿನಿಂದ.

"ಇರ್ಲಾ." ಕೆಂಪನಂಜಪ್ಪ ಟವಲ್ಲನ್ನು ಹಿಂಡುವವನಂತೆ ತಿರುಚಿದ. "ಆದ್ರ ಕೇಳಿದ್ದ ಕೇಳ್ದಂಗೆ ಯೋಳ್ಬೇಕಲ್ಲ ಸಾಮಿ. ಇದು ಎದುರ್ಸದಲ್ಲ. ಎದುರ್ಸಕೆ ಬರೋರು ಆಲು ಉಕ್ತಾ ಅದೆ ಅಂತ ಓಡೋಗಕಿಲ್ಲ. ಇದ್ಕೋಸ್ಕರ ಆ ಹೆಣ್ಣುಮಗಳ್ನ ಒಳಕ್ಕ ಆಕಿ ಅಂತ ನಾ ಕೇಳಕಿಲ್ಲ. ಅಷ್ಟೇಯ."

ಜಾಮೀನು ಉಳಿಯಿತು. ಆ ನಂಬರನ್ನು ಗ್ರೂಪಿನಿಂದ ತೆಗೆಯಬೇಕು, ಫೋನು ಬಸವೇಶನ ಬಳಿಯೇ ಇರಬೇಕು, ಆರೋಪಿ ದೂರುದಾರರನ್ನು ಮಾತನಾಡಿಸಬಾರದೆಂಬ ಷರತ್ತು ಹಾಗೆಯೇ ಮುಂದುವರಿಯುತ್ತದೆ. ಮ್ಯಾಜಿಸ್ಟ್ರೇಟರು ಬರೆಸುತ್ತ ಬರೆಸುತ್ತ ತಲೆಯೆತ್ತಿ, "ಡಾಕ್ಟರು ಬರೆದಿರೋ ಮಂಗಳವಾರದ ಆಸ್ಪತ್ರೆ ತಪ್ಪಿಸ್ತಿಲ್ಲ ತಾನೆ?" ಎಂದು ಕೇಳಿದರು. ಅದನ್ನು ಬರೆಸಲಿಲ್ಲ. ಇಲ್ಲ ಎಂದಳು ದೀಪಶ್ರೀ. ತನ್ನ ದನಿ ತನಗೇ ಕೇಳಿಸಿತು. ನೆಟ್ಟಗಿತ್ತು.

* * *

ಊರಿನ ಕಡೆಯ ಬಸ್ಸಿಗೆ ಕಾಯುವ ಜಾಗ ಒಂದೇ. ಬಸವೇಶ ಫೋನಿನ ಕೆಲಸ ಮುಗಿಸಿ ಬರುತ್ತೇನೆಂದು ಪೇಟೆಯಲ್ಲೇ ಉಳಿದ. ಹೆಂಗಸರಿಬ್ಬರೂ ಬೇವಿನ ಮರದಡಿ ನಿಂತಿದ್ದಾಗ ಕೆಂಪನಂಜಪ್ಪ ಒಬ್ಬನೇ ನಡೆದು ಬಂದ. ಅಳಿಯ ಸಿಟ್ಟು ಮಾಡಿಕೊಂಡು ಬೈಕಿನಲ್ಲಿ ಹೊರಟುಹೋಗಿದ್ದನೆಂದು ತೋರುತ್ತದೆ. ಬೇರೆ ನೆರಳಿರಲಿಲ್ಲ. ಅವನು ಅದೇ ಮರದ ಇನ್ನೊಂದು ಮಗ್ಗುಲಿಗೆ ನಿಂತ. ದೀಪಶ್ರೀ ಬಿಸಿಲಿಗೆ ಸರಿಯಲು ಹೋದಳು.

"ಬಿಸುಲ್ಗೆ ಯಾಕೋಗದು?" ಅಂದ ಅವನು ರಸ್ತೆಯತ್ತ ನೋಡುತ್ತ. "ಮರ ಏನ್ ನಮ್ಮಪ್ಪಂದಾ? ಪುಟ್ಟಮಲ್ಲಕ್ಕ, ನಿನ್ ಸೊಸೆಗೆ ಯೋಳು."

"ನೆಳ್ಳಲ್ಲೇ ನಿಂತ್ಕಬೇಕಂತೆ ಕಣವ್ವ," ಎಂದರು ಪುಟ್ಟಮಲ್ಲಮ್ಮ, ಅವಳು ಪಕ್ಕದಲ್ಲೇ ಇದ್ದರೂ.

ಟೆಂಪೊವೊಂದು ರೇಷ್ಮೆಗೂಡಿನ ಚೀಲ ಹೇರಿಕೊಂಡು ಮಾರ್ಕೆಟ್ಟಿನ ಕಡೆಗೆ ಹೋಯಿತು.

"ಈ ಸಲ ಬೆಳೆ ಎಂಗದೆ ಅಂತ ಕೇಳಕ್ಕ."

"ಅತ್ತೆ, ಮೂರನೇ ಹಂತದಲ್ಲಿದೆ, ಚೆನ್ನಾಗಿದೆ ಅಂತ ಹೇಳಿ," ಅಂದಳು ದೀಪಶ್ರೀ ಮರದ ಬುಡಕ್ಕೆ.

"ಕೇಳುಸ್ತಲ್ಲಪ್ಪ?"

"ನಂಗೆಂಗ್ ಕೇಳ್ಸುತ್ತೆ? ಕೋರ್ಟ್ ಬ್ಯಾಡ ಅಂದದೆ. ನೀ ಯೋಳು."

"ಸಂದಾಗದಂತೆ ಕಣಪ್ಪ, ಸಂದಾಗದಂತೆ!" ಪುಟ್ಟಮಲ್ಲಮ್ಮ ಕಿರುಚಿದರು.

"ದೊಡ್ಡ ಉಳ ಆದಾಗ ಯಾರು ಎದ್ದಿರೋರು? ಮತ್ತೆ ಇವ್ಳೇನಾ?"

ದೀಪಶ್ರೀ ನಿಧಾನವಾಗಿ ಹೇಳಿದಳು. "ಇಲ್ಲ ಅಂತ ಹೇಳಿ ಅತ್ತೆ. ಹಗಲೆಲ್ಲ ನಾನು, ರಾತ್ರಿ ನಿಮ್ಮ ಮಗ. ಮಾತ್ರೆ ನುಂಗಿ ಮಲಗ್ತೀನಿ. ಹುಳು ಕಮ್ಮಿ ಸಾಕ್ತಿದ್ದೀವಿ." ಒಂದು ಉಸಿರು ಎಳೆದುಕೊಂಡಳು. "ಇನ್ನೊಂದು ಮಾತಿದೆ, ಅತ್ತೆ. ಅದನ್ನ ನಿಮ್ಮ ಕೈಲಿ ಹೇಳಿಸೋಕ್ಕಾಗಲ್ಲ. ಕೇಸು ಮುಗಿದ ದಿನ ನಾನೇ ಬಂದು ಹೇಳ್ತೀನಿ."

ಪುಟ್ಟಮಲ್ಲಮ್ಮ ಅದನ್ನು ಮುಟ್ಟಿಸಲಿಲ್ಲ. ಕೆಂಪನಂಜಪ್ಪನೂ ಏನೆಂದು ಕೇಳಲಿಲ್ಲ.

ಬಸ್ಸು ಬಂತು, ಆಗಲೇ ಕಿಕ್ಕಿರಿದು. ಜನ ಬಾಗಿಲಿಗೆ ನುಗ್ಗಿದರು. ಕೆಂಪನಂಜಪ್ಪ ಬಾಗಿಲಿಗೆ ಹೋಗಲಿಲ್ಲ. ಬಸ್ಸಿನ ಮಗ್ಗುಲಿಗೆ ಓಡಿ, ಇಳಿಯುತ್ತಿದ್ದವರ ಸೀಟು ನೋಡಿಕೊಂಡು ಕಿಟಕಿಯೊಳಕ್ಕೆ ತನ್ನ ಟವಲ್ಲನ್ನು ಎಸೆದ. ಇಬ್ಬರು ಕೂರುವ ಸೀಟು.

"ಅಕ್ಕ, ಅಲ್ಲಿ! ಟವಲ್ ಆಕಿವ್ನಿ, ಓಗ್ ಕುಂತ್ಕ!"

"ನೀನು?"

"ನಾ ಹಿಂದ್ಗಡೆ ನಿಂತ್ಕತೀನಿ. ಪಕ್ಕದಲ್ಲಿ ಕುಂತ್ರೆ ಅದ್ಕೊಂದು ಅರ್ಜಿ ಆಕ್ತಾರೆ."

ಅತ್ತೆ ಸೊಸೆ ಇಬ್ಬರೂ ಹತ್ತಿ ಕುಳಿತರು. ಟವಲ್ಲಿಗೆ ಸೀಟಿನ ಧೂಳು ಅಂಟಿತ್ತು. ದೀಪಶ್ರೀ ಅದನ್ನು ಕೊಡವಿ, ಮಡಿಲಲ್ಲಿ ಹಾಸಿ, ನಡುಗುವ ಬೆರಳುಗಳಿಂದ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮೊದಲ ಸಲ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಮಡಿಸಿದಳು. ಅತ್ತೆಯ ಕೈಗೆ ಕೊಟ್ಟಳು.

ಪುಟ್ಟಮಲ್ಲಮ್ಮ ಎದ್ದುನಿಂತು, ಜನರ ತಲೆಗಳ ಮೇಲಿಂದ ಹಿಂದಕ್ಕೆ ಚಾಚಿದರು. "ತಕಳಪ್ಪ ಕೆಂಪನಂಜ, ನಿನ್ ಟವಲ್ಲು. ಮಡ್ಸಿ ಕೊಟ್ಟವ್ಳೆ."

ಅದು ಕೈಯಿಂದ ಕೈಗೆ ದಾಟಿಕೊಂಡು ಹೋಯಿತು. ಅವನು ಇಸ್ಕೊಂಡ. ಬಸ್ಸು ಹೊರಟು ಸೆಕೆ ಏರಿದಾಗಲೂ ಅದರಲ್ಲಿ ಬೆವರು ಒರೆಸಿಕೊಳ್ಳಲಿಲ್ಲ. ತೋಳಿನಿಂದಲೇ ಹಣೆ ಒರೆಸಿಕೊಂಡು, ಟವಲ್ಲನ್ನು ಮಡಿಕೆ ಬಿಚ್ಚದ ಹಾಗೆಯೇ ಹೆಗಲ ಮೇಲೆ ಇಟ್ಟುಕೊಂಡು, ಮಧುವನಹಳ್ಳಿ ಬರುವವರೆಗೂ ನಿಂತೇ ಇದ್ದ.